ದೊಡ್ಡ ಗಡಿಯಾರ ನೋಡಲು ಓಡಿದ ಸರ್ವರ್

ಬೆಳಗಿನ ಜಾವ ಐದೂಮುಕ್ಕಾಲಿಗೆ ಫೋನ್ ಬಂದರೆ ಎರಡೇ ಸಾಧ್ಯತೆ: ಒಂದೋ ಊರಿನಿಂದ, ಇಲ್ಲವೇ ಯಾವುದಾದರೂ ಡೇಟಾಬೇಸ್‌ನಿಂದ. ಆವತ್ತು ಎರಡನೆಯದು. ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ಮೇಡಂ ಮಾತಾಡಿದರು. ಕಾರ್ಖಾನೆಯ ಹೆಸರು ಇಲ್ಲಿ ಬೇಡ. "ಸರ್, ತೂಕದ ಸ್ಲಿಪ್ ಬರೋಕೆ ನಲವತ್ತು ಸೆಕೆಂಡ್ ಆಗ್ತಿದೆ. ಗೇಟಿಂದಾಚೆ ರಸ್ತೆವರೆಗೂ ಗಾಡಿ ನಿಂತಿವೆ. ಶನಿವಾರದಿಂದ ಹೀಗೇ."

ಶನಿವಾರದಿಂದ! ಆವತ್ತು ಮಂಗಳವಾರ. ಯಾಕೆ ಹೇಳಲಿಲ್ಲ ಅಂದರೆ, ಹಂಗಾಮು ಜೋರಾಗಿದೆ, ಲೋಡ್ ಇರಬಹುದು ಅಂದುಕೊಂಡೆವು ಅಂದರು. ಹೊರಗಿನಿಂದ ಆ ಸರ್ವರ್‌ಗೆ ಲಾಗಿನ್ ಆಗುವ ದಾರಿ ಇಲ್ಲ, ಅದು ಆ ಕಾರ್ಖಾನೆಯ ನಿಯಮ. ಮೈಸೂರಿನ ಕುವೆಂಪುನಗರದಿಂದ ಬೈಕ್ ತೆಗೆದು ಶ್ರೀರಂಗಪಟ್ಟಣ ದಾಟುವಾಗ ಇನ್ನೂ ಮಂಜಿತ್ತು.

ಗೇಟಿನ ಹತ್ತಿರ ಟ್ರ್ಯಾಕ್ಟರ್‌ಗಳ ಸಾಲು, ನಡುನಡುವೆ ನಾಲ್ಕಾರು ಎತ್ತಿನ ಗಾಡಿ. ವೇಬ್ರಿಡ್ಜ್ ಕೋಣೆಯಲ್ಲಿ ವಯಸ್ಸಾದ ಗುಮಾಸ್ತರೊಬ್ಬರು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಪಕ್ಕದಲ್ಲೇ ಉದ್ದದ ನೋಟ್‌ಬುಕ್ ತೆರೆದಿಟ್ಟುಕೊಂಡು, ಇಂಡಿಕೇಟರ್‌ನ ಹಸಿರು ಅಂಕಿ ನೋಡಿ ತೂಕವನ್ನು ಕೈಯಲ್ಲೇ ಬರೆಯುತ್ತಿದ್ದರು. ಕಿಟಕಿಗೆ ಮುಖ ಒತ್ತಿದ್ದ ರೈತರೊಬ್ಬರು ನನ್ನ ಲ್ಯಾಪ್‌ಟಾಪ್ ಬ್ಯಾಗ್ ನೋಡಿ, "ಏನ್ ಸಾಮಿ, ನಿಮ್ ಕಂಪ್ಯೂಟ್ರುಗೂ ಒಂದ್ ಜಲ್ಲೆ ಕಬ್ಬು ತಿನ್ಸಬೇಕಾ? ನಿನ್ನೆ ಕಡ್ದಿದ್ದು, ಇಲ್ಲೇ ಒಣಗ್ತಾ ಕುಂತದೆ" ಅಂದರು. ಹಾಸ್ಯದ ದನಿಯಲ್ಲಿ ಹೇಳಿದರೂ ಹಾಸ್ಯವಲ್ಲ. ಕಡಿದ ಕಬ್ಬು ನಿಂತಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ತೂಕ ಇಳಿದರೆ ಹೋಗುವುದು ಅವರ ದುಡ್ಡು.

ಸರ್ವರ್ ಬಗ್ಗೆ ಎರಡು ಮಾತು. ಲಿನಕ್ಸ್ ಮೇಲೆ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್. ಎರಡು ಸಾಕೆಟ್ (ಅಂದರೆ ಎರಡು ಪ್ರೊಸೆಸರ್), ಒಟ್ಟು 32 ಕೋರ್, 128 ಜಿಬಿ ಮೆಮೊರಿ, ಅದರಲ್ಲಿ 32 ಜಿಬಿ ಡೇಟಾಬೇಸ್‌ನ ಶೇರ್ಡ್ ಬಫರ್, ಅಂದರೆ ಅದರ ಎಲ್ಲ ಕನೆಕ್ಷನ್‌ಗಳೂ ಹಂಚಿಕೊಳ್ಳುವ ಮೆಮೊರಿ. ತೂಕ, ಕಟಾವು ಪರ್ಮಿಟ್, ರೈತರ ಬಿಲ್ಲು, ಎಲ್ಲ ಇದರಲ್ಲೇ. ದಿನಕ್ಕೆ ಎಷ್ಟು ಗಾಡಿ ಬಂದರೂ ಈ ಯಂತ್ರಕ್ಕೆ ಅದೊಂದು ಕೆಲಸವೇ ಅಲ್ಲ.

ಮೇಡಂ ಮೊದಲು ತೋರಿಸಿದ್ದು ಅವರ ಗ್ರಾಫ್. ಶುಕ್ರವಾರದವರೆಗೆ ಸಿಪಿಯು ಬಳಕೆ ನೆಲಕ್ಕೆ ಅಂಟಿದಂತೆ ಇದ್ದದ್ದು ಶನಿವಾರದಿಂದ ತೊಂಬತ್ತರ ಮೇಲೆ. ಎಲ್ಲವೂ ಒಂದೇ ಬಣ್ಣ. ಈ ಒಂದು ಬಣ್ಣದ ಗ್ರಾಫ್ ಕಂಡರೆ ನನಗೆ ಮೈಯುರಿ. ಸಿಪಿಯು ಬ್ಯುಸಿ ಅನ್ನುವುದು, ಡಾಕ್ಟರ ಹತ್ತಿರ ಹೋಗಿ "ಮೈಯಲ್ಲಿ ಹುಷಾರಿಲ್ಲ" ಅಂದಷ್ಟೇ ಉಪಯೋಗ. ಅದೇ ಗ್ರಾಫ್ ತೋರಿಸಿ ಸರಬರಾಜುದಾರರೊಬ್ಬರು ಹೊಸ ಸರ್ವರ್‌ಗೆ ಕೊಟೇಶನ್ ಕೂಡ ಕಳಿಸಿಯಾಗಿತ್ತು.

ಸಿಪಿಯು ಹೊತ್ತು ಎಲ್ಲಿ ಹೋಗುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ಹಾಕಿದೆ. ಯೂಸರ್ ಶೇಕಡಾ 22, ಸಿಸ್ಟಮ್ 71, ವೇಟ್ (ಡಿಸ್ಕ್‌ಗಾಗಿ ಕಾದ ಹೊತ್ತು) ಸೊನ್ನೆಯ ಹತ್ತಿರ.

ಇಲ್ಲೇ ಕಥೆ ಬದಲಾಯಿತು. ಯೂಸರ್ ಅಂದರೆ ಪೋಸ್ಟ್‌ಗ್ರೆಸ್ ತನ್ನ ಕೆಲಸಕ್ಕೆ, ಅಂದರೆ ಸಾಲು ಓದಲು, ಜೋಡಿಸಲು, ಲೆಕ್ಕ ಮಾಡಲು ಖರ್ಚು ಮಾಡಿದ ಹೊತ್ತು. ಸಿಸ್ಟಮ್ ಅಂದರೆ ಅದು ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಬಾಗಿಲು ತಟ್ಟಿದಾಗ ಕರ್ನಲ್ ಒಳಗೆ ಕಳೆದ ಹೊತ್ತು. ಡೇಟಾಬೇಸ್ ಸರ್ವರ್‌ನಲ್ಲಿ ಯೂಸರ್ ಮೇಲಿದ್ದು ಸಿಸ್ಟಮ್ ಅದರ ಕಾಲು ಭಾಗವೋ ಇನ್ನೂ ಕಡಿಮೆಯೋ ಇದ್ದರೆ ನನಗೆ ಸಮಾಧಾನ. ಇಲ್ಲಿ ಅದು ತಲೆಕೆಳಗಾಗಿತ್ತು. ಕಬ್ಬು ಅರೆಯುವುದಕ್ಕಿಂತ ಗೇಟಲ್ಲಿ ಚೀಟಿ ಬರೆಸುವುದಕ್ಕೇ ಮೂರು ಪಟ್ಟು ಹೊತ್ತು. ಹೀಗಿದ್ದಾಗ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಕೆಟ್ಟಿದೆ, ಇಂಡೆಕ್ಸ್ ಹಾಕಿ ಅನ್ನುವ ಮಾಮೂಲಿ ಔಷಧ ನಾಟುವುದಿಲ್ಲ. ಕೆಟ್ಟ ಕ್ವೆರಿ ಯೂಸರ್ ಏರಿಸುತ್ತದೆ, ಇಲ್ಲವೇ ಡಿಸ್ಕ್‌ಗಾಗಿ ಕಾಯಿಸುತ್ತದೆ. ಎಪ್ಪತ್ತೊಂದು ಸಿಸ್ಟಮ್ ಅಂದರೆ ಕರ್ನಲ್ ಒಳಗೆ ಏನೋ ನಡೆಯುತ್ತಿದೆ, ಏನು ಅಂತ ಕರ್ನಲ್‌ನನ್ನೇ ಕೇಳಬೇಕು.

ಮೇಡಂ ಪೋಸ್ಟ್‌ಗ್ರೆಸ್‌ನ್ನು ಎರಡು ಸಲ ರೀಸ್ಟಾರ್ಟ್ ಮಾಡಿದ್ದರು. ಐದು ನಿಮಿಷ ಚೆನ್ನಾಗಿದ್ದು, ಕನೆಕ್ಷನ್ ತುಂಬಿದ ಮೇಲೆ ಮತ್ತದೇ. ಇಡೀ ಯಂತ್ರವನ್ನೇ ರೀಬೂಟ್ ಮಾಡಿ ಅಂತ ಆ ಸರಬರಾಜುದಾರರು ಫೋನಿನಲ್ಲಿ ಹೇಳಿದ್ದರಂತೆ. ಹಂಗಾಮಿನ ನಡುವೆ ಆಗುವುದಿಲ್ಲ ಅಂತ ಇವರು ಒಪ್ಪಿರಲಿಲ್ಲ. ಅವರು ಒಪ್ಪದೇ ಇದ್ದದ್ದು ನನ್ನ ಪುಣ್ಯ. ಕಾರಣ ಮುಂದೆ ಬರುತ್ತದೆ.

ಸಿಸ್ಟಮ್ ಏರಿದಾಗ ನಾನು ಮೊದಲು ಹಿಡಿಯುವ ಕಳ್ಳರು ಮೂವರು. ಅವರಲ್ಲಿ ಹೆಚ್ಚು ಸಲ ಸಿಕ್ಕಿಬಿದ್ದವನು ಪೇಜ್ ಟೇಬಲ್, ಅಂದರೆ ಮೆಮೊರಿಯ ಯಾವ ಪುಟ ಎಲ್ಲಿದೆ ಅನ್ನುವ ನಕ್ಷೆ. ಪೋಸ್ಟ್‌ಗ್ರೆಸ್‌ನಲ್ಲಿ ಕನೆಕ್ಷನ್‌ಗೊಂದು ಪ್ರೊಸೆಸ್. ಪ್ರತಿ ಪ್ರೊಸೆಸ್ಸೂ ಆ 32 ಜಿಬಿಯ ನಕ್ಷೆಯನ್ನು ತನ್ನದೇ ಆಗಿ ಇಟ್ಟುಕೊಳ್ಳುತ್ತದೆ. 4 ಕೆಬಿ ಪುಟಕ್ಕೆ 8 ಬೈಟ್‌ನ ಒಂದು ನಮೂದು ಅಂತ ಲೆಕ್ಕ ಹಾಕಿದರೆ, ಎಲ್ಲ ಪುಟ ಮುಟ್ಟಿದ ಒಂದು ಕನೆಕ್ಷನ್‌ಗೆ 64 ಎಂಬಿ ಬರೀ ನಕ್ಷೆ. ಅವರಿಗಿದ್ದ 180 ಕನೆಕ್ಷನ್‌ಗೆ 11 ಜಿಬಿ ದಾಟುತ್ತದೆ. 2 ಎಂಬಿಯ ಹ್ಯೂಜ್ ಪೇಜ್ ಇದ್ದರೆ ಅದೇ ನಕ್ಷೆ ಕನೆಕ್ಷನ್‌ಗೆ 128 ಕೆಬಿಗೆ ಇಳಿಯುತ್ತದೆ. ಮೆಮೊರಿಯ ಲೆಕ್ಕ ಇರುವ ಮೆಮ್‌ಇನ್ಫೋ ಫೈಲ್ ತೆಗೆದು ಪೇಜ್ ಟೇಬಲ್ ಸಾಲು ನೋಡಿದೆ. ಕೆಲವು ನೂರು ಎಂಬಿ ಅಷ್ಟೆ. ಹ್ಯೂಜ್ ಪೇಜ್ ನಾನೇ ಎರಡು ವರ್ಷದ ಹಿಂದೆ ಹಾಕಿದ್ದು, ಹಾಗೇ ಇತ್ತು.

ಎರಡನೆಯವನು ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್. ಹೆಸರು ಒಂದೇ ಥರ ಇದ್ದರೂ ಜಾತಿ ಬೇರೆ. 2011ರಲ್ಲಿ 2.6.38 ಕರ್ನಲ್‌ಗೆ ಬಂದದ್ದು. ಚೂರುಚೂರಾದ ಮೆಮೊರಿಯನ್ನು ಸರಿಸಿ ದೊಡ್ಡ ಪುಟ ಮಾಡಲು ಹೋಗಿ ಕರ್ನಲ್ ತಾನೇ ಬೆವರುತ್ತದೆ. ಅದರ ಗುರುತು ವಿಎಂಸ್ಟ್ಯಾಟ್ ಫೈಲ್‌ನ ಕಂಪ್ಯಾಕ್ಟ್ ಸ್ಟಾಲ್ ಎಣಿಕೆ. ಹತ್ತು ಸೆಕೆಂಡ್ ಬಿಟ್ಟು ಎರಡು ಸಲ ನೋಡಿದೆ, ಅಂಕಿ ಅಲುಗಲಿಲ್ಲ. ಮೂರನೆಯದು ಸ್ವಾಪ್ ಮತ್ತು ಝೋನ್ ರಿಕ್ಲೇಮ್, ಮೆಮೊರಿ ಸಾಲದಾಗ ಕರ್ನಲ್ ಜಾಗ ಬಿಡಿಸಿಕೊಳ್ಳುವ ದಾರಿಗಳು. ಎರಡೂ ಸೊನ್ನೆ. ಕಾಂಟೆಕ್ಸ್ಟ್ ಸ್ವಿಚ್, ಅಂದರೆ ಕೋರ್ ಒಂದು ಪ್ರೊಸೆಸ್ ಬಿಟ್ಟು ಇನ್ನೊಂದಕ್ಕೆ ಹೋಗುವುದು, ಸೆಕೆಂಡಿಗೆ ಕೆಲವು ಸಾವಿರ, ಅಂದರೆ ಲಾಕ್‌ಗಾಗಿ ಜಗಳವೂ ಇಲ್ಲ.

ಮೂರೂ ಕಳ್ಳರು ಸಾಚಾ. ಗಂಟೆ ಎಂಟೂಕಾಲು. ಒಳಗಿಂದ ಕಾಫಿ ಬಂತು. ಸಕ್ಕರೆ ಕಾರ್ಖಾನೆಯ ಕಾಫಿಯಲ್ಲಿ ಸಕ್ಕರೆ ಯಾಕೆ ಇಷ್ಟು ಕಡಿಮೆ ಅನ್ನುವುದು ಇನ್ನೊಂದು ಪ್ರಕರಣ.

ಕರ್ನಲ್ ಯಾವ ಫಂಕ್ಷನ್‌ನಲ್ಲಿ ಕೂತಿದೆ ಅಂತ ನೇರವಾಗಿ ಹೇಳುವುದು ಪರ್ಫ್. ಅದು ಆ ಯಂತ್ರದಲ್ಲಿ ಇರಲಿಲ್ಲ, ಇಂಟರ್ನೆಟ್ಟೂ ಇಲ್ಲ. ಪ್ರೊಸೆಸ್ ಕರ್ನಲ್‌ಗೆ ಮಾಡುವ ಕರೆಗಳನ್ನು (ಸಿಸ್ಟಮ್ ಕಾಲ್) ತೋರಿಸುವ ಎಸ್‌ಟ್ರೇಸ್ ಮಾತ್ರ ಇತ್ತು. ಎಸ್‌ಟ್ರೇಸ್‌ನ್ನು ಓಡುವ ಡೇಟಾಬೇಸ್ ಮೇಲೆ ಹಚ್ಚುವುದು ನನಗೆ ಇಷ್ಟವಿಲ್ಲ. ಪ್ರತಿ ಸಿಸ್ಟಮ್ ಕಾಲ್‌ಗೂ ಪ್ರೊಸೆಸ್‌ನ್ನು ನಿಲ್ಲಿಸಿ ಬಿಡುತ್ತದೆ, ಹಿಡಿದ ಪ್ರೊಸೆಸ್ ತೆವಳತೊಡಗುತ್ತದೆ. ಆದರೂ ಒಂದೇ ಒಂದು ಕನೆಕ್ಷನ್, ಹತ್ತೇ ಸೆಕೆಂಡ್, ಎಣಿಕೆ ಮಾತ್ರ ಅಂತ ಹಚ್ಚಿದೆ.

ಬಂದ ಪಟ್ಟಿಯ ಮೊದಲ ಸಾಲು: ಕ್ಲಾಕ್ ಗೆಟ್‌ಟೈಮ್, ಅಂದರೆ ಟೈಮ್ ಎಷ್ಟು ಅಂತ ಕೇಳುವ ಕರೆ, ಎರಡು ಲಕ್ಷಕ್ಕೂ ಹೆಚ್ಚು ಸಲ. ಉಳಿದ ರೀಡ್, ಸೆಂಡ್, ರಿಸೀವ್ ಎಲ್ಲ ಸೇರಿ ಸಾವಿರವೂ ಇಲ್ಲ.

ಎರಡು ಲಕ್ಷ ಅನ್ನುವ ಸಂಖ್ಯೆಗಿಂತ ಆ ಹೆಸರೇ ನನ್ನನ್ನು ಬೆಚ್ಚಿಸಿದ್ದು. ಆ ಹೆಸರು ಎಸ್‌ಟ್ರೇಸ್‌ನಲ್ಲಿ ಕಾಣಲೇಬಾರದು. ಲಿನಕ್ಸ್‌ನಲ್ಲಿ ಟೈಮ್ ಕೇಳುವುದು ಎಷ್ಟು ಮಾಮೂಲಿ ಕೆಲಸ ಅಂದರೆ, ಅದಕ್ಕಾಗಿ ಕರ್ನಲ್‌ವರೆಗೆ ಹೋಗದಿರಲಿ ಅಂತಲೇ ವಿಡಿಎಸ್‌ಒ ಅನ್ನುವ ಒಂದು ಚೂರು ಕೋಡನ್ನು ಕರ್ನಲ್ ಪ್ರತಿ ಪ್ರೊಸೆಸ್‌ನ ಒಳಗೇ ಇಟ್ಟಿರುತ್ತದೆ. ಪ್ರೊಸೆಸ್ ಅಲ್ಲೇ, ಸಿಪಿಯುನೊಳಗೇ ಇರುವ ಟಿಎಸ್‌ಸಿ ಎಂಬ ಎಣಿಕೆಯನ್ನು ಓದಿಕೊಳ್ಳುತ್ತದೆ. ಬಾಗಿಲು ತಟ್ಟುವ ಮಾತೇ ಇಲ್ಲ. ಹಾಗಿರುವಾಗ ಇವರು ಲಕ್ಷ ಸಲ ಬಾಗಿಲು ತಟ್ಟುತ್ತಿದ್ದಾರೆ ಅಂದರೆ ಕೈಯಲ್ಲಿದ್ದ ಗಡಿಯಾರ ಹೋಗಿದೆ.

ಸಿಸ್ ಡೈರೆಕ್ಟರಿಯಲ್ಲಿ ಕ್ಲಾಕ್‌ಸೋರ್ಸ್ ಅನ್ನುವ ಜಾಗ ಇದೆ. ಈಗ ಯಾವ ಗಡಿಯಾರ ಬಳಕೆಯಲ್ಲಿದೆ ಅಂತ ಅಲ್ಲಿನ ಫೈಲ್ ತೆರೆದೆ. ಒಂದೇ ಪದ: ಎಚ್‌ಪಿಇಟಿ. ಸಿಗುವ ಗಡಿಯಾರಗಳ ಪಟ್ಟಿ ತೆರೆದೆ: ಎಚ್‌ಪಿಇಟಿ, ಎಸಿಪಿಐ ಪಿಎಂ. ಟಿಎಸ್‌ಸಿ ಪಟ್ಟಿಯಲ್ಲೇ ಇಲ್ಲ.

ಮೇಡಂಗೆ ಇದನ್ನು ವಿವರಿಸಬೇಕಿತ್ತು. ಅವರು ಮೈಸೂರಿನವರೇ, ದೇವರಾಜ ಮಾರ್ಕೆಟ್ ಹತ್ತಿರ ಬೆಳೆದವರು. ಹಾಗಾಗಿ ಸುಲಭವಾಯಿತು. ಟಿಎಸ್‌ಸಿ ಅಂದರೆ ಪ್ರತಿ ಕೋರ್‌ನ ಕೈಗಡಿಯಾರ. ಎಚ್‌ಪಿಇಟಿ ಅಂದರೆ ಮೈಸೂರಿನ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ ಆ ಗೋಪುರ ಊರಿಗೊಂದೇ. ಊರಲ್ಲಿ ಎಲ್ಲರ ಕೈಗಡಿಯಾರವನ್ನೂ ಒಂದು ರಾತ್ರಿ ಕಿತ್ತುಕೊಂಡು, ಟೈಮ್ ಬೇಕಾದರೆ ಗೋಪುರದ ಹತ್ತಿರ ಹೋಗಿ ನೋಡಿಕೊಂಡು ಬನ್ನಿ ಅಂದರೆ? ಒಬ್ಬರು ಇಬ್ಬರಾದರೆ ನಡಿಗೆ ದಂಡ, ಅಷ್ಟೆ. ಮೂವತ್ತೆರಡು ಜನ, ಅದೂ ಸೆಕೆಂಡಿಗೆ ಲಕ್ಷ ಸಲ ಓಡಿದರೆ ಸರ್ಕಲ್‌ನಲ್ಲಿ ಜಾಮ್. ಎಚ್‌ಪಿಇಟಿ ಮದರ್‌ಬೋರ್ಡ್ ಚಿಪ್‌ಸೆಟ್‌ನಲ್ಲಿರುವ ಒಂದೇ ಒಂದು ಎಣಿಕೆ. ಎಲ್ಲ ಕೋರ್‌ಗಳೂ ಸಿಸ್ಟಮ್ ಕಾಲ್ ಮಾಡಿ, ಕರ್ನಲ್ ಮೂಲಕ, ಅದೊಂದನ್ನೇ ಓದಬೇಕು.

"ಓ, ಅದಕ್ಕೇ ರೀಸ್ಟಾರ್ಟ್ ಆದ್ಮೇಲೆ ಜನ ಕಮ್ಮಿ ಇದ್ದಾಗ ಚೆನ್ನಾಗಿತ್ತು" ಅಂದರು. ಹೌದು. ನನಗಿಂತ ಮೊದಲು ಅವರಿಗೇ ಹೊಳೆಯಿತು.

ಅಳೆದು ನೋಡಲು ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ ಟೆಸ್ಟ್ ಟೈಮಿಂಗ್ ಓಡಿಸಿದೆ. ಒಂದು ಸಲ ಟೈಮ್ ಕೇಳಲು ಸರಾಸರಿ 1,900 ನ್ಯಾನೋಸೆಕೆಂಡ್ ಚಿಲ್ಲರೆ. ಅದೇ ಥರದ ಪ್ರೊಸೆಸರ್ ಇರುವ, ಆದರೆ ಟಿಎಸ್‌ಸಿ ಸರಿಯಿರುವ ಪಕ್ಕದ ಯಂತ್ರದಲ್ಲಿ ಸುಮಾರು 30. ಅಷ್ಟರಲ್ಲಿ ನನ್ನ ಮೊಬೈಲ್ ಡೇಟಾದಲ್ಲಿ ಪರ್ಫ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಯಾಗಿತ್ತು. ಪರ್ಫ್ ಟಾಪ್‌ನ ನೆತ್ತಿಯ ಮೇಲೆ ರೀಡ್ ಎಚ್‌ಪಿಇಟಿ, ಮಿಕ್ಕವು ಎಲ್ಲೋ ಕೆಳಗೆ. ಸಾಕ್ಷಿ ಪಕ್ಕಾ.

ಆದರೆ ಇಲ್ಲಿಗೆ ನಿಲ್ಲಿಸಿದ್ದರೆ ಅರ್ಧ ರೋಗ ಮಾತ್ರ ಸಿಕ್ಕಂತೆ. ಗಡಿಯಾರ ದುಬಾರಿಯಾಯಿತು, ಸರಿ. ಒಂದು ಡೇಟಾಬೇಸ್ ಇಷ್ಟೊಂದು ಸಲ ಟೈಮ್ ಯಾಕೆ ಕೇಳುತ್ತದೆ? ಟ್ರಾನ್ಸಾಕ್ಷನ್ ಶುರುವಾದಾಗ ಒಂದು, ಸ್ಟೇಟ್‌ಮೆಂಟ್‌ಗೆ ಒಂದೆರಡು. ಲಕ್ಷಗಟ್ಟಲೆ ಹೇಗೆ?

ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ ಸಾಲುಸಾಲಿಗೂ ಗಡಿಯಾರ ನೋಡುವ ಚಾಳಿ, ಕ್ವೆರಿಯನ್ನು ಓಡಿಸಿ ಯಾವ ಹೆಜ್ಜೆಗೆ ಎಷ್ಟು ಹೊತ್ತಾಯಿತು ಅಂತ ಹೇಳುವ ಎಕ್ಸ್‌ಪ್ಲೇನ್ ಅನಲೈಸ್‌ಗೆ ಇದೆ. ಪ್ಲಾನ್‌ನ ಪ್ರತಿ ನೋಡ್ (ಹೆಜ್ಜೆ) ಒಂದೊಂದು ಸಾಲು ಕೊಡುವಾಗಲೂ ಶುರುವಿನಲ್ಲಿ ಒಂದು ಸಲ, ಮುಗಿದಾಗ ಒಂದು ಸಲ ಟೈಮ್ ನೋಡುತ್ತದೆ. ಆದರೆ ವೇಬ್ರಿಡ್ಜ್ ಪ್ರೋಗ್ರಾಮ್ ಎಕ್ಸ್‌ಪ್ಲೇನ್ ಯಾಕೆ ಮಾಡುತ್ತದೆ? ಡಿಸ್ಕ್ ಓದುವ ಬರೆಯುವ ಹೊತ್ತು ಅಳೆಯುವ ಟ್ರ್ಯಾಕ್ ಐಓ ಟೈಮಿಂಗ್ ಆನ್ ಇದೆಯಾ ನೋಡಿದೆ, ಇರಲಿಲ್ಲ. ಸೆಟಿಂಗ್ ಫೈಲ್‌ನ ಕೊನೆಗೆ ಇಳಿದೆ. ಕೊನೆಯ ಆರು ಸಾಲು. ಮೇಲೊಂದು ಕಾಮೆಂಟ್, ತಾರೀಕು, ನನ್ನ ಹೆಸರಿನ ಎರಡಕ್ಷರ.

ಆಟೋ ಎಕ್ಸ್‌ಪ್ಲೇನ್. ಲಾಗ್ ಅನಲೈಸ್ ಆನ್.

ಹಂಗಾಮು ಶುರುವಾಗುವ ಮೊದಲು ರೈತರ ಬಿಲ್ಲಿನ ಒಂದು ಕ್ವೆರಿ ಆಗಾಗ ನಿಧಾನವಾಗುತ್ತಿತ್ತು. ಅದನ್ನು ಹಿಡಿಯಲು, ಓಡಿದ ಕ್ವೆರಿಗೆ ತಾನಾಗಿ ಎಕ್ಸ್‌ಪ್ಲೇನ್ ಅನಲೈಸ್ ಮಾಡಿ ಲಾಗ್‌ಗೆ ಬರೆಯುವ ಇದನ್ನು ನಾನೇ ಹಾಕಿದ್ದೆ. ಐದು ಸೆಕೆಂಡ್ ಮೀರಿದ್ದನ್ನು ಮಾತ್ರ ಲಾಗ್ ಮಾಡು ಅಂತ ಮಿತಿಯನ್ನೂ ಕೊಟ್ಟಿದ್ದೆ. ಐದು ಸೆಕೆಂಡಿಗಿಂತ ಚಿಕ್ಕ ಕ್ವೆರಿಗಳಿಗೆ ಇದರ ಬಿಸಿ ತಟ್ಟುವುದಿಲ್ಲ ಅಂತ ನನ್ನ ತಲೆಯಲ್ಲಿ ಕೂತಿತ್ತು. ತಪ್ಪು. ಯಾವ ಕ್ವೆರಿ ಐದು ಸೆಕೆಂಡ್ ಮೀರುತ್ತದೆ ಅಂತ ಓಡುವ ಮೊದಲೇ ಗೊತ್ತಾಗುವುದು ಹೇಗೆ? ಹಾಗಾಗಿ ಎಲ್ಲ ಸ್ಟೇಟ್‌ಮೆಂಟನ್ನೂ, ನೋಡ್ ನೋಡ್‌ಗೂ ಅಳೆಯಲೇಬೇಕು. ಲಾಗ್‌ಗೆ ಬರೆಯುವಾಗ ಮಾತ್ರ ಮಿತಿ ನೋಡುತ್ತದೆ. ಇದು ಪೋಸ್ಟ್‌ಗ್ರೆಸ್ ದಾಖಲೆಯಲ್ಲಿ, ಎಚ್ಚರಿಕೆಯ ಮಾತಾಗಿಯೇ, ಸ್ಪಷ್ಟವಾಗಿ ಬರೆದಿದೆ. ನಾನು ಓದಿದ್ದೆ ಕೂಡ. ಓದಿದ್ದು ನೆನಪಿತ್ತು, ಅರ್ಥ ಮಾಡಿಕೊಂಡದ್ದು ನೆನಪಿರಲಿಲ್ಲ.

ತೂಕದ ಸ್ಲಿಪ್‌ನ ಕ್ವೆರಿ ಆ ರೈತರ ಪರ್ಮಿಟ್, ಈ ಹಂಗಾಮಿನಲ್ಲಿ ಇದುವರೆಗೆ ಬಂದ ತೂಕಗಳು, ಬಾಕಿ ಕೋಟಾ, ಮೂರನ್ನೂ ಜೋಡಿಸಿ ನೋಡುತ್ತದೆ. ಅಷ್ಟೇನೂ ಚೆನ್ನಾಗಿ ಬರೆದ ಕ್ವೆರಿ ಅಲ್ಲ. ಎಲ್ಲ ನೋಡ್ ಸೇರಿ ಸ್ಲಿಪ್ ಒಂದಕ್ಕೆ ಹತ್ತು ಲಕ್ಷ ಸಲದ ಆಸುಪಾಸಿನಲ್ಲಿ ಟೈಮ್ ಕೇಳುವಷ್ಟು ಸಾಲು ಮುಟ್ಟುತ್ತದೆ. ಟಿಎಸ್‌ಸಿ ಇದ್ದಾಗ ಹತ್ತು ಲಕ್ಷ ಗುಣಿಸು 30 ನ್ಯಾನೋಸೆಕೆಂಡ್, ಸೆಕೆಂಡಿನ ನೂರರಲ್ಲಿ ಮೂರು ಭಾಗ. ಯಾರ ಕಣ್ಣಿಗೂ ಬೀಳಲಿಲ್ಲ. ಎಚ್‌ಪಿಇಟಿ ಆದಾಗ, ಒಬ್ಬರೇ ಇದ್ದರೂ ಎರಡು ಸೆಕೆಂಡಿನ ಹತ್ತಿರ. ಅದರ ಮೇಲೆ ಎಲ್ಲ ವೇಬ್ರಿಡ್ಜ್, ಬಿಲ್ಲಿಂಗ್, ಕಟಾವು ವಿಭಾಗ ಒಟ್ಟಿಗೆ ಆ ಒಂದೇ ಗೋಪುರದ ಮುಂದೆ ಸಾಲು ನಿಂತರೆ ನಲವತ್ತು. ಎರಡು ತಿಂಗಳು ಸುಮ್ಮನೆ ಮಲಗಿದ್ದ ನನ್ನ ಆರು ಸಾಲು, ಒಂದು ರಾತ್ರಿ ಗಡಿಯಾರ ಬದಲಾದದ್ದೇ ಎದ್ದು ಕೂತಿತು.

ಹೆಜ್ಜೆಹೆಜ್ಜೆಗೂ ಟೈಮ್ ನೋಡಿಸುವ ಲಾಗ್ ಟೈಮಿಂಗ್ ಆಫ್ ಮಾಡಿದೆ, ಆಮೇಲೆ ಯೋಚಿಸಿ ಲಾಗ್ ಅನಲೈಸ್‌ನ್ನೇ ಆಫ್ ಮಾಡಿದೆ. ಇದಕ್ಕೆ ರೀಸ್ಟಾರ್ಟ್ ಬೇಡ, ಕಾನ್ಫಿಗ್ ರೀಲೋಡ್ ಸಾಕು. ರೀಲೋಡ್ ಒತ್ತಿ ಟಾಪ್ ಕಡೆ ತಿರುಗುವಷ್ಟರಲ್ಲಿ ಸಿಸ್ಟಮ್ 71ರಿಂದ 9ಕ್ಕೆ ಇಳಿದಿತ್ತು. ಆಚೆ ಕೋಣೆಯಿಂದ ಪ್ರಿಂಟರ್ ಕಿರುಗುಟ್ಟುವ ಸದ್ದು ಬಿಡುವಿಲ್ಲದೆ ಕೇಳತೊಡಗಿತು. ಗಂಟೆ ಒಂಬತ್ತೂ ಇಪ್ಪತ್ತು. ನನ್ನದೇ ತಪ್ಪು ಅಂತ ಮೇಡಂಗೆ ಆಗಲೇ ಹೇಳಿದೆ. "ಅರ್ಧ ನಿಮ್ದು ಸರ್" ಅಂದರು, "ಇನ್ನರ್ಧ ಯಾರ್ದು?"

ಇನ್ನರ್ಧ ಕರ್ನಲ್ ಲಾಗ್‌ನಲ್ಲಿತ್ತು. ಶುಕ್ರವಾರ ರಾತ್ರಿ, ಅಂದರೆ ಶನಿವಾರ ನಸುಕಿನ 2:17. ಟಿಎಸ್‌ಸಿಯನ್ನು ನಂಬಲಾಗದು ಅಂತ ಗುರುತು ಹಾಕಿದ್ದೇನೆ, ಎಚ್‌ಪಿಇಟಿಗೆ ಬದಲಾಗಿದ್ದೇನೆ ಅನ್ನುವ ಎರಡು ಮೂರು ಸಾಲು. ಕರ್ನಲ್‌ನಲ್ಲಿ ಒಬ್ಬ ಕಾವಲುಗಾರ ಇದ್ದಾನೆ. ಅರ್ಧ ಸೆಕೆಂಡಿಗೊಮ್ಮೆ ಕೈಗಡಿಯಾರ ಮತ್ತು ಗೋಪುರದ ಗಡಿಯಾರ ಎರಡನ್ನೂ ಓದಿ ಹೋಲಿಸುತ್ತಾನೆ. ಈ ಯಂತ್ರದ ಕರ್ನಲ್‌ನಲ್ಲಿ ಅಂತರ 62.5 ಮಿಲಿಸೆಕೆಂಡ್ ಮೀರಿದರೆ ಕೈಗಡಿಯಾರ ಕೆಟ್ಟಿದೆ ಅಂತ ತೀರ್ಮಾನ. ಮೇಲ್ಮನವಿ ಇಲ್ಲ: ಮುಂದಿನ ಬೂಟ್‌ವರೆಗೆ ಟಿಎಸ್‌ಸಿ ವಾಪಸ್ ಬರುವುದಿಲ್ಲ. ಶನಿವಾರವೇ ರೀಬೂಟ್ ಮಾಡಿದ್ದರೆ ಎಲ್ಲ ಸರಿಯಾಗಿ, ನನ್ನ ಆರು ಸಾಲು ಹಾಗೇ ಉಳಿದು, ಇನ್ನೊಂದು ರಾತ್ರಿಗೆ ಕಾಯುತ್ತಿತ್ತು. ಮೇಡಂ ಒಪ್ಪದ್ದು ನನ್ನ ಪುಣ್ಯ ಅಂದದ್ದು ಇದಕ್ಕೇ.

ನಿಜವಾಗಿ ಟಿಎಸ್‌ಸಿ ಕೆಟ್ಟಿತ್ತಾ? ನನಗೆ ಅನುಮಾನ. ಪ್ರೊಸೆಸರ್‌ನ ಗುಣಪಟ್ಟಿಯಲ್ಲಿ ಕಾನ್‌ಸ್ಟಂಟ್ ಟಿಎಸ್‌ಸಿ, ನಾನ್‌ಸ್ಟಾಪ್ ಟಿಎಸ್‌ಸಿ ಎರಡೂ ಇದ್ದವು. ಅಂದರೆ ವೇಗ ಬದಲಾದರೂ, ಸಿಪಿಯು ನಿದ್ದೆ ಹೋದರೂ ಅದರ ಎಣಿಕೆ ಒಂದೇ ಲಯದಲ್ಲಿ ನಡೆಯುತ್ತದೆ. ಆದರೆ ಅದೇ ಲಾಗ್‌ನಲ್ಲಿ 2:17ರ ಹಿಂದೆಮುಂದೆ ಒಂದೇ ಮೆಮೊರಿ ಸ್ಲಾಟ್‌ನಿಂದ, ತಾನೇ ಸರಿಪಡಿಸಿಕೊಂಡ ದೋಷಗಳ ದಂಡೇ ಬಂದಿತ್ತು. ಅಂಥ ದೋಷ ಬಂದಾಗ ಕೆಲವು ಸರ್ವರ್‌ಗಳಲ್ಲಿ ಫರ್ಮ್‌ವೇರ್ (ಮದರ್‌ಬೋರ್ಡ್‌ನಲ್ಲೇ ಕೂತಿರುವ ಪ್ರೋಗ್ರಾಮ್) ಎಲ್ಲ ಕೋರ್‌ಗಳನ್ನೂ ನಿಲ್ಲಿಸಿ ತಾನು ಒಳಗೆ ಹೋಗಿ ನೋಡಿ ಬರುತ್ತದೆ. ಕರ್ನಲ್‌ಗೆ ಅದರ ಅರಿವೇ ಇರುವುದಿಲ್ಲ. ಕಾವಲುಗಾರ ಒಂದು ಗಡಿಯಾರ ಓದಿ ಇನ್ನೊಂದು ಓದುವ ನಡುವೆ ಹಾಗೆ ನಿಂತುಬಿಟ್ಟರೆ, ಎರಡೂ ಗಡಿಯಾರ ಸರಿಯಿದ್ದರೂ ಅಂತರ ಕಾಣುತ್ತದೆ. ಇಲ್ಲಿ ಆಗಿದ್ದು ಇದೇ ಅಂತ ಸಾಬೀತು ಮಾಡಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಹೊತ್ತು ಹೊಂದುತ್ತದೆ, ಅಷ್ಟೆ.

ಅದೇ ಲಾಗ್ ಸಾಲಿನ ಬಾಲದಲ್ಲಿ ಕರ್ನಲ್ ಒಂದು ಸಲಹೆಯನ್ನೂ ಕೊಟ್ಟಿತ್ತು: ಬಯೋಸ್ (ಅದೇ ಫರ್ಮ್‌ವೇರ್) ಕೆಟ್ಟಿರಬಹುದು, ಟಿಎಸ್‌ಸಿ ಅನ್‌ಸ್ಟೇಬಲ್ ಅಂತ ಬೂಟ್ ಆಯ್ಕೆ ಕೊಡಿ ಅಂತ. ಕಣ್ಣುಮುಚ್ಚಿ ಪಾಲಿಸಿದ್ದರೆ ಎಚ್‌ಪಿಇಟಿ ಕಾಯಂ. ಇದಕ್ಕೆ ವಿರುದ್ಧದ ಔಷಧವೂ ಇದೆ, ಟಿಎಸ್‌ಸಿ ರಿಲಯಬಲ್ ಅಂತ ಕೊಟ್ಟು ಕಾವಲುಗಾರನನ್ನೇ ಮನೆಗೆ ಕಳಿಸುವುದು. ಸರಬರಾಜುದಾರರಿಗೆ ಅದು ಇಷ್ಟವಾಯಿತು. ನಾನು ಒಪ್ಪಲಿಲ್ಲ. ಎರಡು ಸಾಕೆಟ್‌ನ ಯಂತ್ರ, ಒಂದು ವೇಳೆ ಎರಡು ಬದಿಯ ಎಣಿಕೆ ನಿಜವಾಗಿಯೂ ಬೇರೆಯಾದರೆ ಟೈಮ್ ಹಿಂದಕ್ಕೆ ಹೋದಂತೆ ಕಾಣಬಹುದು. ಖಾಲಿ ಗಾಡಿಯ ತೂಕ ತುಂಬಿದ ಗಾಡಿಯ ತೂಕಕ್ಕಿಂತ ಮೊದಲೇ ಆಯಿತು ಅಂತ ಸ್ಲಿಪ್ ಬಂದರೆ ಕಿಟಕಿಯ ಆ ರೈತರಿಗೆ ಉತ್ತರ ಹೇಳುವವರು ಯಾರು? ಸ್ವಲ್ಪ ನಿಧಾನವಾದರೂ ಕಾವಲುಗಾರ ಇರಲಿ.

ಮುಂದಿನ ವಾರ ಕಾರ್ಖಾನೆ ಕ್ಲೀನಿಂಗ್‌ಗೆ ನಿಂತಾಗ ಸರ್ವರ್ ಇಳಿಸಿ ಆ ಸ್ಲಾಟ್‌ನ ಮೆಮೊರಿ ಬದಲಾಯಿಸಿದರು, ಬಯೋಸ್ ಹೊಸದು ಹಾಕಿದರು. ಬೂಟ್ ಆದ ಮೇಲೆ ಟಿಎಸ್‌ಸಿ ತಾನಾಗಿ ವಾಪಸ್ ಬಂದಿತ್ತು, ಟೈಮ್ ಕೇಳಲು 28 ನ್ಯಾನೋಸೆಕೆಂಡ್. ಮೇಡಂ ಗ್ರಾಫ್‌ನಲ್ಲಿ ಯೂಸರ್‌ಗೆ ಹಸಿರು, ಸಿಸ್ಟಮ್‌ಗೆ ಕೆಂಪು ಹಾಕಿಸಿದರು. ಕ್ಲಾಕ್‌ಸೋರ್ಸ್ ಬದಲಾದರೆ ಎಸ್‌ಎಂಎಸ್ ಬರುವ ಹಾಗೆ ಮೂರು ಸಾಲಿನ ಸ್ಕ್ರಿಪ್ಟ್ ನಾನು ಬರೆದುಕೊಟ್ಟೆ. ಆ ಭೇಟಿಗೆ ಬಿಲ್ ಕಳಿಸಲಿಲ್ಲ. ಹೊಸ ಸರ್ವರ್‌ನ ಕೊಟೇಶನ್ ಏನಾಯಿತು ಅಂತ ಕೇಳಲಿಲ್ಲ.

ಆ ಮಂಗಳವಾರ ಮಧ್ಯಾಹ್ನ ಇನ್ನೊಂದು ಕೆಲಸ ಬಾಕಿಯಿತ್ತು. ಗುಮಾಸ್ತರ ನೋಟ್‌ಬುಕ್‌ನಲ್ಲಿ ಕೈಯಲ್ಲಿ ಬರೆದ 61 ತೂಕಗಳನ್ನು ಸಿಸ್ಟಮ್‌ಗೆ ಏರಿಸಬೇಕು. ಸ್ಕ್ರೀನ್ ಪ್ರತಿ ತೂಕಕ್ಕೂ ಟೈಮ್ ಕೇಳುತ್ತಿತ್ತು. ಈಗಿನ ಟೈಮ್ ಹಾಕಿದರೆ ಸರದಿ ತಪ್ಪುತ್ತದೆ. ಅವರು ನೋಟ್‌ಬುಕ್ ನನ್ನ ಕಡೆ ತಿರುಗಿಸಿದರು. ಪ್ರತಿ ತೂಕದ ಪಕ್ಕದಲ್ಲಿ ಗಂಟೆ ನಿಮಿಷ ಬರೆದಿದ್ದರು, ಒಂದೂ ಬಿಡದೆ. "ಇದರಲ್ಲಿ ನೋಡ್ಕಂಡು ಬರ್ದಿದ್ದು ಸಾ" ಅಂತ ಎಡಗೈ ಮಣಿಕಟ್ಟು ತೋರಿಸಿದರು. ಗಾಜು ಗೀಚಿಹೋದ ಹಳೇ ಎಚ್‌ಎಂಟಿ. ಅವರು ಓದುತ್ತಾ ಹೋದರು, ಮೇಡಂ ಟೈಪ್ ಮಾಡುತ್ತಾ ಹೋದರು.